ಔಷಧದ ನೀರು ಮತ್ತು ತೆಂಗಿನ ಕರಟ

ನಲ್ಲಿಯ ನೀರಿಗೆ ಔಷಧ ಬಿದ್ದಿರುವುದನ್ನು ಹುಳಿಯಾರಿನ ಗೃಹಿಣಿಯರು ಮೂಗಿನಿಂದಲೇ ಹೇಳಬಲ್ಲರು. ಬೆಳಗಿನ ಕಾಫಿ ಒಲೆಯಿಂದ ಇಳಿಯುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ: ‘ಇವತ್ತು ನೀರುಗಂಟಿ ಕೈ ಧಾರಾಳ ಮಾಡಿದ್ದಾನೆ.’ ಅಂದು ಕಾಫಿಗೆ ಕಾಫಿಯ ಪರಿಮಳವಿಲ್ಲ. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಆಸ್ಪತ್ರೆಯ ನೆನಪು. ಮಗು ಲೋಟವನ್ನು ಮೂಗಿಗೆ ಹಿಡಿದು ದೂರ ತಳ್ಳುತ್ತದೆ. ಮಾರನೆಯ ದಿನ ವಾಸನೆಯೇ ಇಲ್ಲ. ಆಗ ಮನೆಮಂದಿಗೆಲ್ಲ ಸಂತೋಷ. ಆದರೆ ಭಯಪಡಬೇಕಾದ್ದು ಬಹುಶಃ ಆ ಎರಡನೆಯ ದಿನವೇ ಎಂಬುದು ಎಷ್ಟು ಮಂದಿಗೆ ಹೊಳೆದೀತು?

ನೀರುಗಂಟಿ ಎಂಬ ಮಾತು ಕೆರೆಯ ಕಾಲದ್ದು. ತೂಬನ್ನೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಣಯಿಸುತ್ತಿದ್ದವನು ಆತ. ಕೆರೆಯ ಕಾಲ ಹೋಗಿ ಮೇಲ್ತೊಟ್ಟಿಯ ಕಾಲ ಬಂದಿತು, ತೂಬಿನ ಜಾಗದಲ್ಲಿ ವಾಲ್ವು ಬಂದಿತು. ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು. ಹಿಂದೆ ನೀರಿನ ಪ್ರಮಾಣವಷ್ಟೇ ಅವನ ಕೈಯಲ್ಲಿದ್ದಿತು. ಈಗ ಗುಣವೂ ಅವನ ಕೈಗೆ ಸೇರಿದೆ. ಅವನು ತೊಟ್ಟಿಗೆ ಹಾಕುವ ಬಿಳಿಯ ಪುಡಿಯ ಹೆಸರು ಬ್ಲೀಚಿಂಗ್ ಪೌಡರ್. ಅದರೊಳಗಿನ ಸತ್ತ್ವ ಕ್ಲೋರೀನ್. ಹಾಕಿದ್ದನ್ನು ಕುಡಿಯುವ ಮುಂಚೆ ತೆಗೆಯುವುದು ಹೇಗೆ ಎಂಬುದೇ ಪಟ್ಟಣದ ಮನೆಗಳಲ್ಲಿ ಈಗಿನ ವಿಚಾರ. ಇದನ್ನು ಇಂದಿನ ನಾಜೂಕಿನವರ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ನೀರಿಗೆ ಕ್ಲೋರೀನನ್ನು ಹಾಕಲು ಹೊರಟ ಮೊದಲ ತಲೆಮಾರಿನವರೇ ಅದನ್ನು ತೆಗೆಯುವ ಬಗೆಯನ್ನೂ ಯೋಚಿಸಿದ್ದರು. ತೆಗೆಯುವುದಕ್ಕೆ ಲೋಕವೆಲ್ಲ ಕೊನೆಗೆ ಮೆಚ್ಚಿದ ವಸ್ತುವಂತೂ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿತ್ತಿಲುಗಳಲ್ಲಿ ರಾಶಿ ಬಿದ್ದಿರುವ ತೆಂಗಿನ ಕರಟ. ಆದರೆ ಹಾಕುವುದು ಯಾವಾಗ, ತೆಗೆಯುವುದು ಯಾವಾಗ ಎಂಬ ಅನುಕ್ರಮದಲ್ಲಿ ಪ್ರಾಣದ ಪ್ರಶ್ನೆ ಅಡಗಿದೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೀರನ್ನು ತಿಳಿಗೊಳಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕದಡಿದ ನೀರನ್ನು ತಿಳಿಯಾಗಿಸುವ ಏಳು ವಸ್ತುಗಳನ್ನು ಹೆಸರಿಸಿದೆ. ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ ಎಂದು ಅವುಗಳ ಪಟ್ಟಿ. ಮುತ್ತು ಮಣಿಗಳನ್ನು ಅರಮನೆಯವರಿಗೆ ಬಿಟ್ಟುಬಿಡೋಣ. ಕತಕವೆಂದರೆ ನಮ್ಮ ಚಿಲ್ಲದ ಬೀಜ. ಅದನ್ನು ಮಣ್ಣಿನ ಪಾತ್ರೆಯ ಒಳಮೈಗೆ ತೇಯ್ದು ರಾಡಿಯ ನೀರು ತುಂಬಿಟ್ಟರೆ, ಮಣ್ಣೆಲ್ಲ ಗರಣೆಗಟ್ಟಿ ತಳಕ್ಕಿಳಿಯುತ್ತದೆ. ಮನುಸ್ಮೃತಿಯೂ ಈ ಬೀಜವನ್ನು ಒಂದು ದೃಷ್ಟಾಂತಕ್ಕಾಗಿ ಎಳೆದು ತಂದಿದೆಯೆಂದಮೇಲೆ ಅದು ಎಷ್ಟು ಮನೆಮಾತಾಗಿತ್ತೆಂದು ಊಹಿಸಬಹುದು. ಬಟ್ಟೆಯಲ್ಲಿ ಗಾಳಿಸಿದ ನೀರನ್ನಲ್ಲದೆ ಕುಡಿಯದ ಜೈನರ ವ್ರತ ಇಂದಿಗೂ ಉಂಟು. ಇವೆಲ್ಲವೂ ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುವ ಉಪಾಯಗಳು. ಕಾಣದ ಕೊಳೆಯೊಂದು ಇದೆಯೆಂಬ ಅರಿವು ಲೋಕಕ್ಕೆ ಬಂದದ್ದು ಬಹಳ ತಡವಾಗಿ.

ನಮ್ಮ ಹುಳಿಯಾರು ಸೀಮೆಯ ನೀರಿನ ಕಥೆಯೂ ಬಹುಕಾಲ ಈ ಕಾಣುವ ಕೊಳೆಯ ಕಥೆಯೇ. ಕೆರೆ, ಕಟ್ಟೆ, ಸೇದುವ ಬಾವಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆ. ಆಮೇಲೆ ಕೊಳವೆ ಬಾವಿ. ಮಳೆಗಾಲದ ಮೊದಲ ನೀರು ಕೆಂಪಾಗಿದ್ದರೆ ಕೊಡದ ಬಾಯಿಗೆ ಸೀರೆಯ ಸೆರಗು ಮಡಿಸಿ ಹಿಡಿದರೆ ಮುಗಿಯಿತು.

ಇತ್ತ ಯುರೋಪಿನಲ್ಲಿ ನೀರು ಶೋಧಿಸಲು ಇದ್ದಿಲು ಬಳಕೆಗೆ ಬಂದಿತು. ರಷ್ಯದಲ್ಲಿ ಔಷಧಶಾಲೆ ನಡೆಸುತ್ತಿದ್ದ ತೋಬಿಯಾಸ್ ಲೋವಿಟ್ಸ್ ಎಂಬಾತ ೧೭೮೫ರಲ್ಲಿ, ಇದ್ದಿಲು ದ್ರವಗಳ ಬಣ್ಣವನ್ನು ಕಳೆಯುತ್ತದೆಂದು ಕಂಡುಕೊಂಡ. ನಾರುವ ನೀರಿಗೆ ಇದ್ದಿಲ ಪುಡಿ ಹಾಕಿದರೆ ನಾತ ಹೋಗುತ್ತದೆಂಬುದೂ ತಿಳಿಯಿತು. ತಿಂಗಳುಗಟ್ಟಲೆ ಪೀಪಾಯಿಯ ನೀರನ್ನೇ ಕುಡಿಯಬೇಕಾಗಿದ್ದ ನಾವಿಕರಿಗೆ ಇದು ದೊಡ್ಡ ವರ. ೧೮೫೪ರಲ್ಲಿ ಜಾನ್ ಸ್ಟೆನ್‌ಹೌಸ್ ಎಂಬ ರಸಾಯನಪಂಡಿತ ಕೆಟ್ಟ ಗಾಳಿಯಿಂದ ಕಾಪಾಡಿಕೊಳ್ಳಲು ಇದ್ದಿಲಿನ ಮುಖವಾಡವನ್ನು ರಚಿಸಿದ. ೧೮೬೫ರ ಹೊತ್ತಿಗೆ ಹಂಟರ್ ಎಂಬ ಇನ್ನೊಬ್ಬ ವಿಜ್ಞಾನಿ ಬಗೆಬಗೆಯ ಇದ್ದಿಲುಗಳನ್ನು ಪರೀಕ್ಷಿಸಿ, ಅನಿಲಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ ಮಿಗಿಲಾದದ್ದಿಲ್ಲ ಎಂಬ ನಿರ್ಣಯಕ್ಕೆ ಬಂದ. ತೆಂಗಿನ ಮರವೇ ಬೆಳೆಯದ ನಾಡಿನಲ್ಲಿ ಕರಟಕ್ಕೆ ಸಂದ ಮೊದಲ ಮನ್ನಣೆ ಇದು. ನಮ್ಮಲ್ಲಿ ‘ಕೈಗೆ ಚಿಪ್ಪು ಬಂತು’ ಎಂದರೆ ಮನೆ ಹಾಳಾಯಿತೆಂದೇ ಅರ್ಥವಲ್ಲವೆ!

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ, ಭಾರತದ ದಂಡಿನ ಬ್ಯಾರಕ್ಕುಗಳಲ್ಲಿ ಇದ್ದಿಲ ಶೋಧಕಗಳು ಮೆರೆದವು. ನಮ್ಮ ಆರೋಗ್ಯಶಾಸ್ತ್ರದ ಪಾಠಗಳಲ್ಲಿ ಮೂರು ಗಡಿಗೆಗಳ ಶೋಧಕದ ಚಿತ್ರ ನೋಡಿದ್ದು ಹಲವರಿಗೆ ನೆನಪಿರಬಹುದು: ಒಂದರ ಮೇಲೊಂದು ಗಡಿಗೆ, ಒಂದರಲ್ಲಿ ಇದ್ದಿಲು, ಒಂದರಲ್ಲಿ ಮರಳು, ಕೆಳಗಿನದರಲ್ಲಿ ತೊಟ್ಟಿಕ್ಕಿ ಶೇಖರವಾದ ನೀರು. ನೀರು ಸ್ಫಟಿಕದಂತೆ ಬರುತ್ತಿತ್ತು, ರುಚಿಯೂ ಚೆನ್ನ. ಆದರೆ ಅದನ್ನು ಕುಡಿದವರೂ ವಾಂತಿಭೇದಿಯಿಂದ ಸಾಯುತ್ತಿದ್ದರು.

ಏಕೆಂಬುದು ಮೆಲ್ಲಮೆಲ್ಲನೆ ಹೊರಬಂದಿತು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ, ಅವೆಲ್ಲ ಒಂದೇ ಕೈಪಂಪಿನ ಸುತ್ತ ಮುತ್ತಿಕೊಂಡಿರುವುದನ್ನು ತೋರಿಸಿಕೊಟ್ಟ. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕುಳಿತು ಆ ಬೇನೆಯ ಅಣುಜೀವಿಯನ್ನು ಗುರುತಿಸಿ, ಅದು ಅಲ್ಲಿನ ಕೆರೆಯ ನೀರಿನಲ್ಲಿದೆಯೆಂದು ಕಂಡ. ಹತ್ತು ವರ್ಷಗಳ ಮೇಲೆ, ೧೮೯೪ರಲ್ಲಿ, ಸಿಮ್ಸ್ ವುಡ್‌ಹೆಡ್ ಮತ್ತು ಕಾರ್ಟ್‌ರೈಟ್ ವುಡ್ ಎಂಬ ಇಬ್ಬರು ಮಾರುಕಟ್ಟೆಯಲ್ಲಿದ್ದ ಗೃಹಶೋಧಕಗಳನ್ನು ತಂದು ಪರೀಕ್ಷೆಗೆ ಹಚ್ಚಿದರು. ಹೆಚ್ಚಿನವು ಅಣುಜೀವಿಗಳನ್ನು ತಡೆಯಲೇ ಇಲ್ಲ. ಅಷ್ಟೇ ಅಲ್ಲ, ಇದ್ದಿಲ ಹಾಸು ಅವುಗಳಿಗೆ ಸೊಗಸಾದ ಬಿಡಾರವಾಗಿತ್ತು. ಒಳಗೆ ಹೋದ ನೀರಿಗಿಂತ ಹೊರಗೆ ಬಂದ ನೀರಿನಲ್ಲಿ ಅವು ಹೆಚ್ಚಾಗಿರುವುದೂ ಉಂಟಾಗಿತ್ತು. ಇದ್ದಿಲಿನ ಕೀರ್ತಿ ಮಣ್ಣುಗೂಡಿತು.

ಈ ಸೋಲನ್ನು ಓದುಗರು ನೆನಪಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ. ನೂರಮೂವತ್ತು ವರ್ಷಗಳ ಹಿಂದಿನ ಮಾತಾದರೂ, ಇಂದು ಅಡಿಗೆಮನೆಯ ಗೋಡೆಗೆ ತೂಗುಹಾಕಿರುವ ಪೆಟ್ಟಿಗೆಗೂ ಅನ್ವಯಿಸುತ್ತದೆ.

ಅಣುಜೀವಿಯನ್ನು ಕೊಲ್ಲುವ ಮದ್ದಿಗಾಗಿ ಹುಡುಕಾಟ ಮೊದಲಾಯಿತು. ಭಾರತದಲ್ಲಿ ಮೊದಲು ಬಂದದ್ದು ಕ್ಲೋರೀನ್ ಅಲ್ಲ, ಕೆಂಪು ಹರಳು, ಎಂದರೆ ಪೊಟಾಸಿಯಂ ಪರ್ಮಾಂಗನೇಟ್. ಆಗ್ರಾದಲ್ಲಿ ಸರ್ಕಾರಿ ರಸಾಯನ ಪರೀಕ್ಷಕನಾಗಿದ್ದ ಅರ್ನೆಸ್ಟ್ ಹ್ಯಾನ್ಕಿನ್ ೧೮೯೦ರ ದಶಕದಲ್ಲಿ ಕಾಲರಾ ಬಂದ ಊರುಗಳ ಬಾವಿಗಳಿಗೆ ಈ ಹರಳನ್ನು ಹಾಕಿಸುವ ಪದ್ಧತಿಯನ್ನು ಬಳಕೆಗೆ ತಂದ. ಸಂಜೆ ಹಾಕಿದರೆ ಬಾವಿಯ ನೀರು ನೇರಳೆಗೆ ತಿರುಗಿ, ರಾತ್ರಿ ಕಳೆಯುವ ವೇಳೆಗೆ ಬಣ್ಣ ಇಳಿಯುತ್ತಿತ್ತು. ಮದ್ದು ತನ್ನ ಕೆಲಸ ಮಾಡಿ ತಾನೇ ಮರೆಯಾಗುತ್ತಿತ್ತು. ತೆಗೆಯುವ ತೊಂದರೆಯೇ ಇಲ್ಲ. ಜಾತ್ರೆಯ ಹಿಂದಿನ ದಿನ ಬಾವಿಗೆ ಕೆಂಪು ಔಷಧ ಹಾಕಿದ್ದನ್ನು ಹಳಬರು ಈಗಲೂ ಹೇಳುವುದುಂಟು. ಆದರೆ ಹರಳಿನ ಶಕ್ತಿ ಸಾಲದೆಂದು ಮುಂದೆ ತಿಳಿದುಬಂದು, ಕುಡಿಯುವ ನೀರಿಗೆ ಅದನ್ನು ನೆಚ್ಚುವುದನ್ನು ಬಿಟ್ಟರು.

ಕ್ಲೋರೀನನ್ನು ೧೭೭೪ರಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ಶೀಲೆ. ಅದರ ಹಳದಿಹಸುರು ಬಣ್ಣವನ್ನು ಕಂಡು ಗ್ರೀಕ್ ಭಾಷೆಯಿಂದ ಅದಕ್ಕೆ ಹೆಸರಿಟ್ಟವನು ೧೮೧೦ರಲ್ಲಿ ಹಂಫ್ರಿ ಡೇವಿ. ಸುಣ್ಣಕ್ಕೆ ಅದನ್ನು ಕುಡಿಸಿ ಬ್ಲೀಚಿಂಗ್ ಪೌಡರ್ ಮಾಡುವ ಹಕ್ಕುಪತ್ರವನ್ನು ೧೭೯೯ರಲ್ಲಿ ಟೆನೆಂಟ್ ಎಂಬ ಸ್ಕಾಟ್ಲೆಂಡಿನವನು ಪಡೆದ. ಆಗ ಅದು ಬಟ್ಟೆಗಿರಣಿಯವರ ಸಾಮಾನು. ೧೮೪೭ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಅದೇ ಪುಡಿಯ ನೀರಿನಲ್ಲಿ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ. ಆದರೂ ನೀರಿನ ನಳಗಳಿಗೆ ಅದು ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. ೧೮೯೭ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ವಿಷಮಶೀತಜ್ವರ ಹಬ್ಬಿದಾಗ ಅಲ್ಲಿನ ನೀರಿನ ಕೊಳವೆಗಳನ್ನು ಬ್ಲೀಚಿಂಗ್ ಪೌಡರಿನ ದ್ರಾವಣದಿಂದ ಶುದ್ಧಿಗೊಳಿಸಲಾಯಿತು. ಆ ಕಾರ್ಯದ ಮುಂದಾಳು ಯಾರು ಗೊತ್ತೆ? ಮೂರು ವರ್ಷಗಳ ಹಿಂದೆ ಇದ್ದಿಲ ಶೋಧಕಗಳ ಹುಳುಕನ್ನು ಬಯಲಿಗೆಳೆದಿದ್ದ ಅದೇ ಸಿಮ್ಸ್ ವುಡ್‌ಹೆಡ್. ಇದ್ದಿಲಿಗೆ ನಿವೃತ್ತಿ ಕೊಡಿಸಿದವನೇ ಕ್ಲೋರೀನಿಗೆ ಉದ್ಯೋಗ ಕೊಡಿಸಿದಂತಾಯಿತು.

ಇನ್ನು ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಸಂಗತಿ. ಭಾರತದ ವೈದ್ಯಕೀಯ ಸೇವೆಯಲ್ಲಿದ್ದ ವಿನ್ಸೆಂಟ್ ನೆಸ್‌ಫೀಲ್ಡ್ ಎಂಬ ಸೈನ್ಯದ ವೈದ್ಯ ೧೯೦೩ರಲ್ಲಿ ಒಂದು ಲೇಖನ ಪ್ರಕಟಿಸಿದ. ಕ್ಲೋರೀನ್ ಅನಿಲವನ್ನು ಒತ್ತಿ ದ್ರವ ಮಾಡಿ, ಸೀಸದ ಒಳಪದರವಿರುವ ಕಬ್ಬಿಣದ ಪಾತ್ರೆಯಲ್ಲಿ ತುಂಬಿಟ್ಟುಕೊಂಡು, ಸೈನ್ಯದ ನೀರಿನ ಬಂಡಿಗಳಿಗೆ ಸಣ್ಣ ಮೂತಿಯಿಂದ ಹಾಯಿಸಿದರೆ ಹತ್ತು ಹದಿನೈದು ನಿಮಿಷಗಳಲ್ಲಿ ನೀರು ನಿರಪಾಯವಾಗುತ್ತದೆಂಬುದು ಅವನ ಸೂಚನೆ. ಇಂದು ಊರೂರಿನ ಜಲಾಗಾರಗಳಲ್ಲಿರುವ ಕ್ಲೋರೀನ್ ಸಿಲಿಂಡರುಗಳ ಮೂಲಪುರುಷ ಇದೇ ಎನ್ನಬಹುದು. ನಮಗೆ ಮುಖ್ಯವಾದದ್ದು ಮುಂದಿನ ಮಾತು. ಮದ್ದು ಕೆಲಸ ಮುಗಿಸಿದ ಮೇಲೆ ಉಳಿದ ಕ್ಲೋರೀನನ್ನು ಸೋಡಿಯಂ ಸಲ್ಫೈಟಿನಿಂದ ತೆಗೆದುಬಿಡಬೇಕೆಂದೂ ಆತ ಹೇಳಿದ. ಬಾಯಾರಿದ ಸಿಪಾಯಿ ವಾಸನೆಯ ನೀರನ್ನು ಚೆಲ್ಲಿ ಹಳ್ಳದ ನೀರಿಗೆ ಬಾಯಿಡುತ್ತಾನೆಂಬುದನ್ನು ದಂಡಿನ ವೈದ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಹಾಕು, ಕಾಲಾವಕಾಶ ಕೊಡು, ಆಮೇಲೆ ತೆಗೆ, ಕೂಡಲೆ ಕುಡಿ: ನೆಸ್‌ಫೀಲ್ಡನ ಕ್ರಮದಲ್ಲಿ ಈ ನಾಲ್ಕು ಮೆಟ್ಟಲುಗಳಿದ್ದವು.

ಊರಿಗೆ ಊರೇ ಔಷಧದ ನೀರನ್ನು ನಿತ್ಯವೂ ಕುಡಿಯತೊಡಗಿದ್ದು ೧೯೦೫ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ. ವಿಷಮಶೀತಜ್ವರ ತಡೆಯಲು ಅಲೆಕ್ಸಾಂಡರ್ ಹ್ಯೂಸ್ಟನ್ ಅದನ್ನು ಆರಂಭಿಸಿದ. ಅಮೆರಿಕದ ಜರ್ಸಿ ನಗರದಲ್ಲಿ ೧೯೦೮ನೆಯ ಸೆಪ್ಟೆಂಬರ್ ೨೬ರಂದು ಆರಂಭವಾದದ್ದಂತೂ ಒಂದು ನ್ಯಾಯಾಲಯದ ನಾಟಕ. ಜಾನ್ ಲೀಲ್ ಎಂಬ ವೈದ್ಯ, ಜನರನ್ನು ಕೇಳದೆ, ಅವರು ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸಿದನೆಂದು ವ್ಯಾಜ್ಯವಾಯಿತು. ‘ಈ ನೀರನ್ನು ನಿನ್ನ ಹೆಂಡತಿ ಮಕ್ಕಳಿಗೆ ಕೊಡುವೆಯಾ?’ ಎಂಬಂಥ ಪ್ರಶ್ನೆಗಳನ್ನು ಆತ ಎದುರಿಸಬೇಕಾಯಿತು. ೧೯೧೦ರಲ್ಲಿ ತೀರ್ಪು ಅವನ ಕಡೆಗಾಯಿತು; ಅಮೆರಿಕದ ಪಟ್ಟಣಗಳೆಲ್ಲ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು, ವಿಷಮಶೀತಜ್ವರ ಇಳಿಮುಖವಾಯಿತು.

ಆಮೇಲೆ ಬಂದದ್ದು ಯುದ್ಧ. ೧೯೧೫ನೆಯ ಏಪ್ರಿಲ್ ೨೨ರ ಸಂಜೆ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನರು ಸಾವಿರಾರು ಸಿಲಿಂಡರುಗಳ ಬಾಯಿ ತೆರೆದು, ಗಾಳಿ ಬೀಸುವ ಕಡೆಗೆ ಕ್ಲೋರೀನ್ ಅನಿಲವನ್ನು ಹರಿಯಬಿಟ್ಟರು. ನೀರಿನಲ್ಲಿ ಒಂದು ಹನಿಯಷ್ಟಾಗಿ ಪ್ರಾಣ ಉಳಿಸುತ್ತಿದ್ದ ವಸ್ತುವೇ ಗಾಳಿಯಲ್ಲಿ ಮೋಡವಾಗಿ ಪ್ರಾಣ ತೆಗೆಯಿತು. ಕೆಲವೇ ದಿನಗಳಲ್ಲಿ ಆ ರಣರಂಗಕ್ಕೆ ಹೋದ ಲಾಹೋರ್ ಡಿವಿಜನ್ನಿನ ಭಾರತೀಯ ಸಿಪಾಯಿಗಳೂ ಅದರ ಪಾಲಾದರು. ಮೊದಮೊದಲು ಅದಕ್ಕೆ ಪ್ರತೀಕಾರವೆಂದರೆ ಬಾಯಿಮೂಗಿಗೆ ಕಟ್ಟಿಕೊಳ್ಳುವ, ‘ಹೈಪೊ’ ದ್ರಾವಣದಲ್ಲಿ ಅದ್ದಿದ ಬಟ್ಟೆ. ಹೈಪೊ ಎಂದರೆ ಸೋಡಿಯಂ ಥಯೋಸಲ್ಫೇಟ್. ಛಾಯಾಚಿತ್ರ ತೊಳೆಯುವವರ ಹರಳು. ಕ್ಲೋರೀನನ್ನು ಕ್ಷಣದಲ್ಲಿ ನಿರ್ವೀರ್ಯಗೊಳಿಸುವ ಗುಣ ಅದಕ್ಕಿದೆ. ಆದರೆ ಶತ್ರು ಬೇರೆ ಬೇರೆ ವಿಷಾನಿಲಗಳನ್ನು ಬಿಡತೊಡಗಿದಾಗ ಹೈಪೊ ಸಾಲದಾಯಿತು. ಆಗ ಇಪ್ಪತ್ತು ವರ್ಷಗಳಿಂದ ಮೂಲೆ ಸೇರಿದ್ದ ಇದ್ದಿಲನ್ನು ಮತ್ತೆ ಕರೆದು ತಂದರು.

ಈ ಸಲ ಬಂದದ್ದು ಹಳೆಯ ಇದ್ದಿಲಲ್ಲ. ಇದ್ದಿಲನ್ನು ಸುಮಾರು ೮೦೦ರಿಂದ ೧೦೦೦ ಡಿಗ್ರಿಯವರೆಗೆ ಕಾಯಿಸಿ ಅದರ ಮೇಲೆ ಉಗಿ ಹಾಯಿಸಿದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ. ಹೀಗೆ ಪಳಗಿಸಿದ್ದಕ್ಕೆ ಸಕ್ರಿಯ ಇದ್ದಿಲು ಎಂದು ಹೆಸರು. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ಓಸ್ಟ್ರೆಯ್ಕೊ ಎಂಬಾತ ಅದರ ಹಕ್ಕುಪತ್ರಗಳನ್ನು ಪಡೆದಿದ್ದ. ಅದರ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾದೀತು. ಒಂದು ಚಿಟಿಕೆ ಪುಡಿಯೊಳಗೆ ಕಾಲೆಕರೆ ತೆಂಗಿನ ತೋಟ! ಮರದ ಇದ್ದಿಲು ಮೆದು, ಪುಡಿಯಾಗುತ್ತದೆ. ಕರಟದ್ದು ಕಲ್ಲಿನಂತೆ ಗಟ್ಟಿ, ರಂಧ್ರಗಳೂ ಅತಿಸೂಕ್ಷ್ಮ. ಹೀಗಾಗಿ ವಿಷಾನಿಲದ ಮುಖವಾಡಗಳಿಗೆ ತೆಂಗಿನ ಚಿಪ್ಪಿಗಾಗಿ ಹಾಹಾಕಾರವಾಯಿತು. ಅಮೆರಿಕದಲ್ಲಿ ೧೯೧೮ರಲ್ಲಿ ಸಾಕಷ್ಟು ಚಿಪ್ಪು ಸಿಗದೆ, ಪೀಚ್ ಹಣ್ಣಿನ ಓಟೆಗಳನ್ನೂ ಅಕ್ರೋಟಿನ ಸಿಪ್ಪೆಗಳನ್ನೂ ಕೂಡಿಸಿ ಕೊಡಿರೆಂದು ಸರ್ಕಾರ ಮನೆಮನೆಯ ಜನರನ್ನು ಬೇಡಿಕೊಂಡಿತು. ಶಾಲೆಯ ಮಕ್ಕಳು ಓಟೆ ಹೆಕ್ಕಿ ಪೀಪಾಯಿಗಳಿಗೆ ತುಂಬಿದರು.

ಯುದ್ಧ ಮುಗಿದ ಮೇಲೆ ಈ ಎರಡು ಎಳೆಗಳು ಮತ್ತೆ ನೀರಿನಲ್ಲಿ ಕೂಡಿಕೊಂಡವು. ಕೆಲವು ನದಿಗಳ ನೀರಿಗೆ ಕ್ಲೋರೀನ್ ಬೆರೆತರೆ ಕಾರ್ಖಾನೆಯ ಹೊಲಸಿನೊಂದಿಗೆ ಸೇರಿ ಸಹಿಸಲಾರದ ಔಷಧಿ ವಾಸನೆ ಏಳುತ್ತಿತ್ತು. ಕೆನಡಾದ ಟೊರಾಂಟೊದಲ್ಲಿ ೧೯೨೦ರ ದಶಕದಲ್ಲಿ ಕ್ಲೋರೀನನ್ನು ಧಾರಾಳವಾಗಿ ಹಾಕಿ, ಆಮೇಲೆ ಗಂಧಕದ ಅನಿಲದಿಂದ ಹೆಚ್ಚಾದದ್ದನ್ನು ಕಳೆಯುವ ಪದ್ಧತಿ ನಡೆಯಿತು. ೧೯೩೦ರ ಹೊತ್ತಿಗೆ ಅಮೆರಿಕದ ನೀರಿನ ಸ್ಥಾವರಗಳಲ್ಲಿ ಸಕ್ರಿಯ ಇದ್ದಿಲು ಬಳಕೆಗೆ ಬಂದಿತು. ಮುಂದೆ ಅದು ಸಣ್ಣ ಕೊಳವೆಯೊಳಗೆ ಸೇರಿ ಮನೆಯ ನಲ್ಲಿಗೆ ಬಂದಿತು. ಇದ್ದಿಲು ಕ್ಲೋರೀನನ್ನು ‘ಹೀರುತ್ತದೆ’ ಎನ್ನುವುದು ಅರ್ಧ ನಿಜ. ಅದು ಕ್ಲೋರೀನಿನೊಂದಿಗೆ ರಾಸಾಯನಿಕವಾಗಿ ವರ್ತಿಸಿ ಅದನ್ನು ಕ್ಲೋರೈಡ್ ಆಗಿ ಮಾರ್ಪಡಿಸುತ್ತದೆ. ನಮ್ಮ ಅಡಿಗೆಯ ಉಪ್ಪಿನಲ್ಲಿರುವುದೂ ಅದೇ. ಮೂವತ್ತು ವರ್ಷಗಳ ಹಿಂದೆ ಅಣುಜೀವಿಯ ಮುಂದೆ ಸೋತಿದ್ದ ಇದ್ದಿಲು ಈಗ ಅಣುಜೀವಿಯನ್ನು ಕೊಂದವನ ಹಿಂದೆ ನಿಂತು ಬಾಗಿಲು ಕಾಯುವ ಕೆಲಸ ಪಡೆಯಿತು. ಅದರ ಯೋಗ್ಯತೆಗೆ ತಕ್ಕ ಜಾಗ ಅದೇ.

ನಮ್ಮ ರಾಜ್ಯದ ಕಡೆ ತಿರುಗೋಣ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೆಂಗಳೂರಿಗೆ ಹೆಸರಘಟ್ಟದ ನೀರು ೧೮೯೬ರಲ್ಲಿ ಬಂದಿತು, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು, ೧೯೭೪ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರು ಕೊಳವೆಯಲ್ಲಿ ಹರಿದು, ಐನೂರು ಮೀಟರು ಮೇಲಕ್ಕೇರಿ ಬರುವ ಕಾವೇರಿಗೆ ದಾರಿಯುದ್ದಕ್ಕೂ ಅಪಾಯ. ಎಲ್ಲೋ ಒಂದು ಕೀಲು ಸಡಿಲಿದರೆ, ನೀರು ನಿಂತ ಹೊತ್ತಿನಲ್ಲಿ ಚರಂಡಿಯದು ಒಳಕ್ಕೆ ಜಿನುಗುತ್ತದೆ. ಅದಕ್ಕಾಗಿಯೇ ಕೊಳವೆಯ ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ೦.೨ ಮಿಲಿಗ್ರಾಮಿನಷ್ಟಾದರೂ ಕ್ಲೋರೀನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಗೃಹಿಣಿ ದೂರುವ ವಾಸನೆ ಆ ಕೊನೆಯ ಕಾವಲುಗಾರನದು. ಹುಳಿಯಾರಿನಂಥ ಊರುಗಳಲ್ಲಿ ನೀರು ದಿನ ಬಿಟ್ಟು ದಿನ ಬರುವುದರಿಂದ, ಕೊಳವೆ ಖಾಲಿ ಇರುವ ಹೊತ್ತೇ ಹೆಚ್ಚು. ಕಾವಲೂ ಹೆಚ್ಚು ಬೇಕು.

ಎಷ್ಟು ಪುಡಿ ಹಾಕಬೇಕೆಂಬುದಕ್ಕೂ ಲೆಕ್ಕವುಂಟು, ಅದೂ ಸೈನ್ಯದ ಬಳುವಳಿಯೇ. ಹಾರಕ್ಸ್ ಎಂಬ ದಂಡಿನ ವೈದ್ಯಾಧಿಕಾರಿಯ ಹೆಸರಿನ ಪೆಟ್ಟಿಗೆಯಲ್ಲಿ ಒಂದು ಕರಿಯ ಬಟ್ಟಲು, ಆರು ಬಿಳಿಯ ಬಟ್ಟಲುಗಳು, ಎರಡು ಗ್ರಾಮಿನ ಚಮಚ, ಗಂಜಿ ಬೆರೆಸಿದ ಅಯೊಡೈಡ್ ದ್ರಾವಣ. ಬಿಳಿಯ ಬಟ್ಟಲುಗಳಲ್ಲಿ ಊರಿನ ನೀರು ತುಂಬಿ, ಕರಿಯ ಬಟ್ಟಲಿನ ಪುಡಿನೀರನ್ನು ಒಂದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು ಹನಿ ಎಂಬಂತೆ ಬಿಟ್ಟು, ಅರ್ಧ ಗಂಟೆ ಕಾದು ದ್ರಾವಣ ಹಾಕಿದರೆ, ಯಾವ ಬಟ್ಟಲು ಮೊದಲು ನೀಲಿಯಾಗುತ್ತದೆಯೋ ಅಷ್ಟು ಚಮಚ ಪುಡಿ ೪೫೫ ಲೀಟರು ನೀರಿಗೆ ಬೇಕು. ಎಂಥ ಸುಲಭವಾದ ಜಾಣತನ! ಕೊಳಕು ಹೆಚ್ಚಿದ್ದರೆ ಪುಡಿಯೂ ಹೆಚ್ಚು, ಅಷ್ಟೆ. ಆದರೆ ಪೆಟ್ಟಿಗೆಯನ್ನು ತೆಗೆದು ನೋಡುವ ಊರುಗಳು ಎಷ್ಟೋ ಕಾಣೆ. ಬಾಯಿ ತೆರೆದಿಟ್ಟ ಚೀಲದಲ್ಲಿ ಪುಡಿಯ ಸತ್ತ್ವ ದಿನದಿನಕ್ಕೆ ಹಾರಿಹೋಗುತ್ತದೆಂಬುದೂ ಎಲ್ಲ ಕಡೆ ನೆನಪಿರುವುದಿಲ್ಲ. ನೀರುಗಂಟಿಯೊಬ್ಬನನ್ನೇ ಇದಕ್ಕೆ ದೂರುವುದು ನ್ಯಾಯವಲ್ಲ; ಅವನ ಕೈಗೆ ಬೊಗಸೆಯೊಂದನ್ನು ಬಿಟ್ಟು ಬೇರೆ ಅಳತೆಯನ್ನು ಯಾರು ಕೊಟ್ಟಿದ್ದಾರೆ?

ಇದೆಲ್ಲ ಹಳೆಯ ಕಾಲದ ಭಯವೆಂದು ನಗುವವರಿದ್ದರೆ, ನಮ್ಮ ನೆರೆಯನ್ನೇ ನೋಡಬಹುದು. ೨೦೨೩ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹಲವರ ಪ್ರಾಣ ಹೋಯಿತು. ೨೦೨೪ರ ಜೂನಿನಲ್ಲಿ 
ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಹಿಂದೆಯೇ ವಾಂತಿಭೇದಿ ಕಾಣಿಸಿ ಸಾವುಗಳಾದವು. ವಾಸನೆ ಬರುವ ನೀರಿನಿಂದ ಬಂದ ಸಾವುಗಳಲ್ಲ ಇವು.

ಹಾಗೆಂದು ಮೂಗು ಮುಚ್ಚಿಕೊಂಡು ಕುಡಿಯಿರೆಂದು ನಾನು ಹೇಳಲಾರೆ. ತೆಗೆಯಲು ಬಯಸುವವರಿಗೆ ಕಾರಣವೂ ಉಂಟು. ೧೯೭೪ರಲ್ಲಿ ಹಾಲೆಂಡಿನ ರೋಟರ್‌ಡ್ಯಾಮಿನ ನೀರಿನ ಸ್ಥಾವರದ ಯೋಹಾನೆಸ್ ರೂಕ್ ಎಂಬ ರಸಾಯನಜ್ಞ, ಎಲೆ ಕೊಳೆತ ನೀರಿಗೆ ಕ್ಲೋರೀನ್ ಬಿದ್ದಾಗ ಕ್ಲೋರೊಫಾರಂ ಮೊದಲಾದ ಬೇಡದ ವಸ್ತುಗಳು ಸ್ವಲ್ಪಮಟ್ಟಿಗೆ ಹುಟ್ಟುತ್ತವೆಂದು ಕಂಡುಹಿಡಿದ. ಅಂದಿನಿಂದ ದೇಶದೇಶಗಳು ಅವಕ್ಕೆ ಮಿತಿ ಹಾಕಿವೆ. ಆದರೂ ಅವುಗಳ ಭಯದಿಂದ ಸೋಂಕು ನಿವಾರಣೆಯನ್ನು ಸಡಿಲಿಸಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಕೆರೆಯ ಎಲೆ, ಪಾಚಿಗಳನ್ನು ಮೊದಲೇ ತೆಗೆದು ಆಮೇಲೆ ಔಷಧ ಹಾಕುವುದು ಸ್ಥಾವರದವರ ಕರ್ತವ್ಯ.

ಮನೆಯ ಮಟ್ಟಿಗೆ ಉಪಾಯಗಳು ಸರಳ. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ತೆಳುಬಟ್ಟೆ ಮುಚ್ಚಿ ರಾತ್ರಿಯೆಲ್ಲ ಇಟ್ಟರೆ ಕ್ಲೋರೀನ್ ಬಹುಮಟ್ಟಿಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಕುದಿಸಿದರೆ ಕ್ಲೋರೀನೂ ಹೋಗುತ್ತದೆ, ಅಣುಜೀವಿಯೂ ಸಾಯುತ್ತದೆ. ಬೆಂಕಿಯ ಖರ್ಚೊಂದನ್ನು ಬಿಟ್ಟರೆ ಇದಕ್ಕೆ ಸಮನಾದದ್ದು ಬೇರೆ ಇಲ್ಲ. ನಿಂಬೆಯ ಹುಳಿಯಲ್ಲಿರುವ ಸಿ ಜೀವಸತ್ತ್ವವೂ ಕ್ಲೋರೀನನ್ನು ಕಳೆಯುತ್ತದೆ; ಪಾನಕದಲ್ಲಿ ಔಷಧದ ವಾಸನೆ ಬಾರದಿರುವುದಕ್ಕೆ ಸಕ್ಕರೆ ಏಲಕ್ಕಿಗಳ ಜೊತೆಗೆ ಇದೂ ಕಾರಣ. ಮೀನಿನ ತೊಟ್ಟಿ ಇಟ್ಟವರು ಇಂದಿಗೂ ಹೈಪೊ ಹರಳನ್ನೇ ಹಾಕುತ್ತಾರೆ, ಕ್ಲೋರೀನ್ ಮೀನಿನ ಕಿವಿರನ್ನು ಸುಡುವುದರಿಂದ.

ಇದ್ದಿಲ ವಿಷಯದಲ್ಲಿ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಹುಡುಗರಿಗೆ ತೋರಿಸಿದ ಪ್ರಯೋಗವೊಂದುಂಟು. ಕನ್ನಡದವನಾದ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಎರಡು ಬಾಟಲಿಗಳ ತಳ ಕತ್ತರಿಸಿ, ಒಂದಕ್ಕೆ ತೊಳೆದ ಮರಳು, ಇನ್ನೊಂದಕ್ಕೆ ನೀರೊಲೆಯಿಂದ ತಂದು ಕುಟ್ಟಿ ತೊಳೆದ ಕರಟದ ಇದ್ದಿಲು. ಎರಡರಲ್ಲಿಯೂ ಔಷಧದ ನೀರನ್ನು ಇಳಿಬಿಟ್ಟು, ಗಂಜಿಯನ್ನೂ ಅಯೊಡೈಡನ್ನೂ ಹಾಕಿದರು. ಮರಳಿನದು ನೀಲಿಯಾಯಿತು. ಕರಟದ್ದು ಹಾಗೆಯೇ ಉಳಿಯಿತು. ‘ಹಾಗಾದರೆ ಇದು ಶುದ್ಧವಾದ ನೀರೆ, ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಳು. ‘ಕ್ಲೋರೀನ್ ಇಲ್ಲದ ನೀರು’ ಎಂದರು ಅವರು. ಶುದ್ಧ ಎಂಬ ಶಬ್ದವನ್ನು ನಾವು ಭಾಷಾಪಂಡಿತರು ಸಡಿಲವಾಗಿ ಬಳಸುತ್ತೇವೆ, ರಸಾಯನಶಾಸ್ತ್ರದವರು ಹಾಗಲ್ಲ.

ಆ ವ್ಯತ್ಯಾಸ ನಮ್ಮ ಸೀಮೆಯಲ್ಲಿ ತೀರ ಮುಖ್ಯ. ತುಮಕೂರು ಜಿಲ್ಲೆಯ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು; ಮಕ್ಕಳ ಹಲ್ಲಿನ ಕಂದು ಪಟ್ಟೆ, ಹಿರಿಯರ ಕೀಲುನೋವು ಅದರ ಗುರುತು. ಸಾಮಾನ್ಯವಾದ ಕರಟದ ಇದ್ದಿಲು ಫ್ಲೋರೈಡನ್ನು ತೆಗೆಯದು. ಕುದಿಸಿದರೂ ಅದು ಹೋಗದು. ಅದಕ್ಕಾಗಿ ಸರ್ಕಾರ ಊರೂರಿನಲ್ಲಿ ಇಟ್ಟಿರುವ ಶುದ್ಧ ನೀರಿನ ಘಟಕಗಳಲ್ಲಿ ಬೇರೆಯೇ ಪೊರೆಯುಂಟು. ಆ ಪೊರೆಗೆ ಕ್ಲೋರೀನ್ ತಾಗಿದರೆ ಹಾಳಾಗುತ್ತದೆಂದು, ಅದರ ಮುಂದೆಯೂ ಇದ್ದಿಲ ಕಂಬವೊಂದು ನಿಂತಿರುತ್ತದೆ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನಿಗೆ ತುಂಬಿಕೊಂಡು ಬರುವ ನೀರಿನಲ್ಲಿ ಹಾಗಾಗಿ ಕಾವಲಿನ ಕ್ಲೋರೀನ್ ಇರುವುದಿಲ್ಲ. ಮುಚ್ಚಳದ ಅಂಚು ಪಾಚಿಗಟ್ಟಿದ ಕ್ಯಾನಿನಲ್ಲಿ ಆ ನೀರನ್ನು ನಾಲ್ಕು ದಿನ ಇಟ್ಟುಕೊಂಡು, ಎಲ್ಲರೂ ಕೈ ಅದ್ದುವ ಲೋಟದಿಂದ ಮೊಗೆದು ಕುಡಿದರೆ, ೧೮೯೪ರ ಇದ್ದಿಲ ಶೋಧಕದ ಮನೆಗೂ ಈ ಮನೆಗೂ ಏನು ಅಂತರ? ನೆಸ್‌ಫೀಲ್ಡನ ಕೊನೆಯ ಮೆಟ್ಟಲನ್ನು, ತೆಗೆದ ಕೂಡಲೆ ಕುಡಿಯುವುದನ್ನು, ನಾವು ಮರೆತೆವು.

ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಕಾಯಿ ಸುಮಾರು ಒಂದು ವರ್ಷ ಅಟ್ಟದ ಮೇಲೆ ಸಿಪ್ಪೆಯೊಡನೆ ಒಣಗಿ, ಆಮೇಲೆ ಸುಲಿದು ಒಡೆದಾಗ ಕೊಬ್ಬರಿ ಒಂದು ಕಡೆ, ಗರಿಗರಿಯಾದ ಚಿಪ್ಪು ಒಂದು ಕಡೆ. ನೀರೊಲೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ವ್ಯಾಪಾರಿಗೆ ತೂಗಿ ಕೊಡುತ್ತಾರೆ. ಅದು ಹೊಂಡದಲ್ಲಿ ಸುಟ್ಟು ಇದ್ದಿಲಾಗುತ್ತದೆ. ಆ ಹೊಗೆಯಿಂದ ಅಕ್ಕಪಕ್ಕದವರು ಪಡುವ ಪಾಡು ಬೇರೆಯೇ ಒಂದು ಲೇಖನಕ್ಕೆ ವಸ್ತು. ಇದ್ದಿಲು ಲಾರಿ ಹತ್ತಿ ದೂರದ ಕಾರ್ಖಾನೆಗೆ ಹೋಗಿ, ಉಗಿಯಲ್ಲಿ ಪಳಗಿ, ಬಿಳಿಯ ಪ್ಲಾಸ್ಟಿಕ್ಕಿನ ಕೊಳವೆಯೊಳಗೆ ಕುಳಿತು ನಮ್ಮ ಪೇಟೆಯ ಅಂಗಡಿಗೆ ಮರಳುತ್ತದೆ. ಕಿಲೋ ಲೆಕ್ಕದಲ್ಲಿ ಮಾರಿದ್ದನ್ನು ಬಿಡಿ ಲೆಕ್ಕದಲ್ಲಿ ಕೊಳ್ಳುತ್ತೇವೆ. ಕೊಂಡವರು ಅದನ್ನು ಕೂಡಿಸಿದ ದಿನವನ್ನು ಅದರ ಮೈಮೇಲೆಯೇ ಬರೆದಿಟ್ಟು, ತಯಾರಿಸಿದವರು ಹೇಳಿದ ಅವಧಿ ತೀರಿದ ಕೂಡಲೆ ಬದಲಾಯಿಸಬೇಕು. ಊರಿಗೆ ಹೋಗಿ ವಾರದ ಮೇಲೆ ಬಂದಾಗ ಅದರೊಳಗೆ ನಿಂತ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ಆಮೇಲೆ ಬಿಂದಿಗೆಗೆ ಹಿಡಿಯಬೇಕು.